ಜಾಕ್ ಕೊಟ್ಟು ಎತ್ತಿದ ಊರು

ಕೇಳುಗರಿಗೆ ನಮಸ್ಕಾರ.

ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿರುವ ಕನ್ನಡದವರಿಗೆ ಸಮುದ್ರವೆಂದರೆ ಗ್ಯಾಲ್ವೆಸ್ಟನ್. ಹೆಚ್ಚುಕಡಿಮೆ 80 ಕಿಲೋಮೀಟರ್ ದಾರಿ. ಊರಿನಿಂದ ಹಿರಿಯರು ಬಂದರೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಅಲ್ಲಿಗೊಮ್ಮೆ ಹೋಗಿಬರುವುದು ವಾಡಿಕೆ. ನಾನು ಹ್ಯೂಸ್ಟನ್ನಿನಲ್ಲಿದ್ದಾಗ ಕುಂದಾಪುರದ ಕಡೆಯವರಾದ ನನ್ನ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ನೀರು ನೋಡಿದವರೇ, "ಇದೇನು, ಮಳೆಗಾಲದ ಹೊಳೆಯ ಬಣ್ಣ!" ಎಂದರು. ಅವರ ಮಾತು ಸುಳ್ಳಲ್ಲ. ಮಿಸಿಸಿಪ್ಪಿಯಂಥ ನದಿಗಳು ಮೆಕ್ಸಿಕೊ ಕೊಲ್ಲಿಗೆ ಸುರಿದ ಹೂಳು ದಡದ ಉದ್ದಕ್ಕೂ ತೇಲಿಕೊಂಡು ಇಲ್ಲಿಯವರೆಗೂ ಬರುತ್ತದೆ. ನೀಲಿ ನೀರು ಬೇಕೆನ್ನುವವರು ಇಲ್ಲಿಗೆ ಬರಬಾರದು.

ಗ್ಯಾಲ್ವೆಸ್ಟನ್ ಒಂದು ತಡೆದ್ವೀಪ. ನಮ್ಮ ಉಡುಪಿ ಕಡೆಯ ಕೋಡಿ ಬೆಂಗ್ರೆಯ ಮರಳುದಿಣ್ಣೆಯನ್ನು ನೆನಪಿಸಿಕೊಳ್ಳಿ. ಅದನ್ನು ದಡದಿಂದ ಬಿಡಿಸಿ, 43 ಕಿಲೋಮೀಟರ್ ಎಳೆದು ಮಲಗಿಸಿದರೆ ಹೇಗೋ ಹಾಗೆ. ಅಗಲ ಎಲ್ಲಿಯೂ 5 ಕಿಲೋಮೀಟರ್ ದಾಟುವುದಿಲ್ಲ. ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಹಿನ್ನೀರು. ಬಿರುಗಾಳಿಯ ಮೊದಲ ಏಟನ್ನು ಮುಖ್ಯ ಭೂಮಿಯ ಪರವಾಗಿ ತಾನೇ ತಿನ್ನುವುದು ಇಂಥ ದ್ವೀಪದ ಹಣೆಬರಹ. ಅಂಥ ಕಡೆ ಊರು ಕಟ್ಟಬೇಕೇ ಎಂದು ಕೇಳಬಹುದು. ಬಂದರು ಚೆನ್ನಾಗಿತ್ತು, ಹತ್ತಿಯ ವ್ಯಾಪಾರ ಜೋರಾಗಿತ್ತು, ಕಟ್ಟಿದರು.

1900ರ ಸೆಪ್ಟೆಂಬರ್ 8ರಂದು ಚಂಡಮಾರುತ ಬಂತು. ಊರಿನ ಅತಿ ಎತ್ತರದ ಜಾಗವೇ ಸುಮಾರು 9 ಅಡಿ. ನೀರು 15 ಅಡಿ ದಾಟಿ ಏರಿತು. ಸತ್ತವರು ಕಡಿಮೆಯೆಂದರೂ 6,000. ಅಮೆರಿಕದಲ್ಲಿ ಅಷ್ಟು ಜೀವ ತೆಗೆದ ಪ್ರಕೃತಿ ವಿಕೋಪ ಇನ್ನೊಂದಿಲ್ಲ.

ಆಮೇಲೆ ಅವರು ಮಾಡಿದ ಕೆಲಸ ಕೇಳಿ. ಸಮುದ್ರಕ್ಕೆ ಎದುರಾಗಿ 17 ಅಡಿಯ ಕಾಂಕ್ರೀಟ್ ಗೋಡೆ ಎಬ್ಬಿಸಿದರು. ಗೋಡೆಯನ್ನು ಯಾರಾದರೂ ಕಟ್ಟಿಯಾರು. ಇವರು ಗೋಡೆಯ ಹಿಂದಿನ ಊರನ್ನೇ ಎತ್ತಿದರು. ಮನೆ, ಅಂಗಡಿ, ಎಲ್ಲ ಸೇರಿ ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳ ಕೆಳಗೆ ಜಾಕ್ ಕೊಟ್ಟು, ಕೈಯಿಂದ ಇಷ್ಟಿಷ್ಟೇ ತಿರುಗಿಸಿ ಮೇಲಕ್ಕೇರಿಸಿದರು. ಸೇಂಟ್ ಪ್ಯಾಟ್ರಿಕ್ ಚರ್ಚಿನ ತೂಕ 3,000 ಟನ್. ಅದಕ್ಕೆ 700 ಜಾಕ್‌ಗಳು. ಊರಿನ ನಡುವೆಯೇ ಕಾಲುವೆ ತೋಡಿ, ಹೂಳೆತ್ತುವ ಹಡಗುಗಳನ್ನು ಮನೆಗಳ ಪಕ್ಕಕ್ಕೆ ತಂದು, ಮರಳು ಬೆರೆತ ನೀರನ್ನು ಕೊಳವೆಯಲ್ಲಿ ಎತ್ತಿದ ಮನೆಗಳ ಅಡಿಗೆ ಸುರಿದರು. ನೀರು ಬಸಿದುಹೋಯಿತು, ಮರಳು ನಿಂತಿತು. ವರ್ಷಗಟ್ಟಲೆ ಜನ ಹಲಗೆಯ ಮೇಲೆಯೇ ಓಡಾಡಿದರು. ಮನೆ ಎತ್ತುವ ಖರ್ಚು ಮಾತ್ರ ಮನೆಯವರದೇ! 1915ರಲ್ಲಿ ಮತ್ತೆ ದೊಡ್ಡ ಚಂಡಮಾರುತ ಬಂದಾಗ ಊರು ಉಳಿಯಿತು.

ಸಮುದ್ರವೂ ಸುಮ್ಮನಿರಲಿಲ್ಲ. 2008ರ ಐಕ್ ಚಂಡಮಾರುತದಲ್ಲಿ ನೀರು ಗೋಡೆಯ ಕಡೆಯಿಂದ ಬರದೆ ಹಿತ್ತಲ ಬಾಗಿಲಿನಿಂದ, ಅಂದರೆ ಹಿನ್ನೀರಿನ ಕಡೆಯಿಂದ ಒಳಗೆ ಬಂತು. ಉಪ್ಪುನೀರು ಕುಡಿದು ಸಾವಿರಾರು ಮರಗಳು ಒಣಗಿದವು. ಸತ್ತ ಓಕ್ ಮರಗಳ ಬೊಡ್ಡೆಗಳನ್ನು ಕೆಲವರು ಶಿಲ್ಪಿಗಳಿಂದ ಕೆತ್ತಿಸಿ ಅಂಗಳದಲ್ಲಿಯೇ ಉಳಿಸಿಕೊಂಡಿದ್ದಾರೆ: ಒಂದು ಡಾಲ್ಫಿನ್, ಒಂದು ಕೊಕ್ಕರೆ, ಒಂದು ನಾಯಿ.

ದ್ವೀಪದ ಪಶ್ಚಿಮದ ಕಡೆ ಗೋಡೆಯಿಲ್ಲ. ಅಲ್ಲಿ ಮನೆಗಳು ಕಂಬಗಳ ಮೇಲೆ ನಿಂತಿವೆ. ನೆಲಮಟ್ಟದಲ್ಲಿ ಕಾರು, ಮೇಲೆ ಸಂಸಾರ. ನಾವು ಎರಡು ರಾತ್ರಿಗೆ ಬಾಡಿಗೆಗೆ ಹಿಡಿದದ್ದು ಅಂಥದ್ದೇ ಮನೆ. ಗಾಳಿ ಜೋರಾದಾಗ ಲೋಟದಲ್ಲಿನ ಕಾಫಿ ಮೆಲ್ಲಗೆ ತುಳುಕುತ್ತಿತ್ತು. ಅತ್ತೆ ಲೋಟವನ್ನೇ ನೋಡುತ್ತ ಕುಳಿತಿದ್ದರು. ಹೋಗುವವರಿಗೆ ಒಂದು ಕಿವಿಮಾತು: ನೀರಿಗಿಳಿದರೆ ಪಾದ ಎತ್ತಿಡಬೇಡಿ, ಮರಳಿನಲ್ಲಿ ಎಳೆದುಕೊಂಡು ನಡೆಯಿರಿ. ಹೂತು ಮಲಗಿರುವ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ. ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ.

ಅಲ್ಲಿ ಹುಟ್ಟಿದವರು ತಮ್ಮನ್ನು 'ಬಿ.ಓ.ಐ.' ಎಂದು ಕರೆದುಕೊಳ್ಳುತ್ತಾರೆ, ಅಂದರೆ ದ್ವೀಪದಲ್ಲೇ ಹುಟ್ಟಿದವರು. ಹೊರಗಿನಿಂದ ಬಂದು ನೆಲೆಸಿದವನು ಐವತ್ತು ವರ್ಷ ಕಳೆದರೂ ಬಿ.ಓ.ಐ. ಆಗಲಾರ. ನಮ್ಮ ಪಕ್ಕದ ಮನೆಯ ಅಜ್ಜಿ ಬಿ.ಓ.ಐ. ಬೆಳಿಗ್ಗೆ ಅತ್ತೆ ದೇವರಿಗೆಂದು ಬೇಲಿಯ ಕಣಗಿಲೆ ಕೊಯ್ಯುತ್ತಿದ್ದಾಗ ಅಜ್ಜಿ ಓಡಿಬಂದು, ಅದು ವಿಷ ಎಂದರು. ಗೊತ್ತಿದೆ, ನಮ್ಮಲ್ಲಿಯೂ ಬೇಲಿಗೆ ಇದೇ ಎಂದು ನಾನು ಅತ್ತೆಯ ಪರವಾಗಿ ಹೇಳಿದೆ. ಅಜ್ಜಿಗೆ ಖುಷಿಯಾಯಿತು. 1841ರಲ್ಲಿ ಜಮೈಕಾದಿಂದ ಬಂದ ಗಿಡವಂತೆ. ಮರಳು ತುಂಬಿ ತೋಟಗಳೆಲ್ಲ ಸತ್ತ ಮೇಲೆ ಹೆಂಗಸರು ಸಂಘ ಕಟ್ಟಿಕೊಂಡು ಊರಿಗೆಲ್ಲ ನೆಟ್ಟರಂತೆ, ಉಪ್ಪಿಗೆ ಜಗ್ಗದ ಗಿಡವೆಂದು.

ಹೊರಡುವ ಮುಂಚೆ ಅಜ್ಜಿ ಅತ್ತೆಯನ್ನು ಕೇಳಿದರು: "ನಿಮ್ಮದೂ ಸಮುದ್ರದ ದಡ ಅಂತೀರಿ. ಮನೆ ಎಷ್ಟು ಎತ್ತರದಲ್ಲಿದೆ?"

ಅತ್ತೆ ನನ್ನ ಮುಖ ನೋಡಿದರು. ಬಾವಿ ಎಷ್ಟು ಆಳ ಎಂದು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದರು.