ಕೊಳವೆಬಾವಿಗೆ ನೀರುಗಂಟಿ ಯಾರು?

ಕೇಳುಗ ಬಂಧುಗಳೇ, ನಮಸ್ಕಾರ.

ಹತ್ತನೆಯ ತರಗತಿಯ ಫಲಿತಾಂಶ ಬಂತೆಂದರೆ ಚಿತ್ರದುರ್ಗದ ಮನೆಮನೆಯಲ್ಲೂ ಒಂದು ಲೆಕ್ಕಾಚಾರ ನಡೆಯುತ್ತದೆ: ಅಂಕ ಹೆಚ್ಚು ಬಂದವರು ವಿಜ್ಞಾನಕ್ಕೆ, ನಡುವಿನವರು ವಾಣಿಜ್ಯಕ್ಕೆ, ಉಳಿದವರು ಆರ್ಟ್ಸಿಗೆ. ಅರ್ಥಶಾಸ್ತ್ರವನ್ನೋ ಸಮಾಜಶಾಸ್ತ್ರವನ್ನೋ ಇಷ್ಟಪಟ್ಟು ಆರಿಸಿಕೊಂಡ ಹುಡುಗಿಗೂ ‘ಅದನ್ನು ಓದಿ ಏನು ಮಾಡುತ್ತೀಯಮ್ಮ?’ ಎಂಬ ಪ್ರಶ್ನೆ ತಪ್ಪುವುದಿಲ್ಲ. ಕೂಲಿಯ ದುಡ್ಡಿನಲ್ಲಿ ಮಕ್ಕಳನ್ನು ಓದಿಸುವವರು ಕೆಲಸದ ಚಿಂತೆ ಮಾಡುವುದು ನ್ಯಾಯವೇ. ಆದರೆ ಆ ಓದಿನಿಂದ ಊರಿಗೆ ಉಪಯೋಗವಿಲ್ಲವೆಂಬ ತೀರ್ಮಾನವನ್ನು ನಾನು ಒಪ್ಪಲಾರೆ.

ನಮ್ಮ ಕೊಳವೆಬಾವಿಗಳನ್ನೇ ನೋಡೋಣ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ತೋಟಗಳಲ್ಲಿ ಒಬ್ಬರು ಬೋರ್ ಕೊರೆಸಿದರೆ ಪಕ್ಕದವರ ಬೋರಿನಲ್ಲಿ ನೀರು ಇಳಿಯುತ್ತದೆ. ಅವರು ಇನ್ನೂ ಆಳಕ್ಕೆ ಕೊರೆಸುತ್ತಾರೆ. ಸಾಲ ಮಾತ್ರ ಇಬ್ಬರ ತಲೆಯ ಮೇಲೂ ಬೀಳುತ್ತದೆ. ಬಂಡೆಯ ಯಾವ ಬಿರುಕಿನಲ್ಲಿ ನೀರಿದೆಯೆಂದು ಭೂವಿಜ್ಞಾನಿ ಹೇಳಬಲ್ಲರು, ಅದನ್ನು ಮೇಲೆತ್ತುವ ಮೋಟಾರನ್ನು ಎಂಜಿನಿಯರ್ ಮಾಡಿಕೊಡಬಲ್ಲರು. ನೆಲದಡಿಯ ಒಂದೇ ನೀರನ್ನು ಅಕ್ಕಪಕ್ಕದವರು ಪೈಪೋಟಿಯಿಲ್ಲದೆ ಹಂಚಿಕೊಳ್ಳಲು ಎಂಥ ನಿಯಮ ಬೇಕು, ಅದನ್ನು ಯಾರು ಮಾಡಿದರೆ ಜನ ಪಾಲಿಸುತ್ತಾರೆ, ಮುರಿದವರನ್ನು ಯಾರು ಕೇಳಬೇಕು ಎಂಬುದು ಸಮಾಜ ವಿಜ್ಞಾನದ ಪ್ರಶ್ನೆ.

ಇದೇ ಪ್ರಶ್ನೆಯನ್ನು ಹಿಡಿದುಕೊಂಡವರು ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್. ಲಾಸ್ ಏಂಜಲೀಸ್ ಬಳಿ ಎಲ್ಲರೂ ಸ್ಪರ್ಧೆಗೆ ಬಿದ್ದು ಅಂತರ್ಜಲವನ್ನು ಎತ್ತಿ, ಸಮುದ್ರದ ಉಪ್ಪುನೀರು ಒಳನುಗ್ಗತೊಡಗಿದಾಗ, ಬಳಕೆದಾರರು ಸಂಘ ಕಟ್ಟಿಕೊಂಡು, ನ್ಯಾಯಾಲಯದ ನೆರವಿನಿಂದ ತಮಗೆ ತಾವೇ ಮಿತಿ ಹಾಕಿಕೊಂಡ ಬಗೆಯನ್ನು ಅವರು 1965ರ ತಮ್ಮ ಪಿಎಚ್‌.ಡಿ. ಪ್ರಬಂಧದಲ್ಲಿ ಬಿಡಿಸಿಟ್ಟರು. ಮುಂದೆ ನೇಪಾಳದ ಕಾಲುವೆಗಳನ್ನೂ ಅಭ್ಯಸಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರೇ. ಬಳಸುವವರೇ ಸೇರಿ ಮಾಡಿದ, ಅವರೇ ಕಾವಲಿರುವ ನಿಯಮ ಬಾಳುತ್ತದೆ ಎಂಬುದನ್ನು ಅವರು ಊರೂರಿನ ನಿದರ್ಶನಗಳಿಂದ ತೋರಿಸಿದರು. ನಮ್ಮ ಹಿರಿಯರಿಗೆ ಇದು ಹೊಸತೆನಿಸದು. ಕೆರೆಯ ತೂಬು ತೆರೆದು ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುತ್ತಿದ್ದ ನೀರುಗಂಟಿಯನ್ನು ಅವರು ಕಂಡವರು. ಕೊಳವೆಬಾವಿಗೆ ಅಂಥ ನೀರುಗಂಟಿಯಿಲ್ಲ.

ಸಮಾಜ ವಿಜ್ಞಾನದ ಬಗ್ಗೆ ಜನರಿಗಿರುವ ತಾತ್ಸಾರಕ್ಕೆ ಸಂಶೋಧಕರೂ ಹೊಣೆ. ಪ್ರಶ್ನಾವಳಿ ಹಿಡಿದು ಊರಿಗೆ ಬರುತ್ತಾರೆ, ರೈತರ ಉತ್ತರ ಬರೆದುಕೊಂಡು ಹೋಗುತ್ತಾರೆ, ವರದಿ ಇಂಗ್ಲಿಷಿನಲ್ಲಿ ಮುಗಿದು ಕಪಾಟು ಸೇರುತ್ತದೆ. ಉತ್ತರ ಕೊಟ್ಟವರಿಗೆ ಒಂದು ಪುಟವೂ ತಲುಪುವುದಿಲ್ಲ. ಆ ಪುಟವನ್ನು ಕನ್ನಡದಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಬೇಕು. ಯಾರ ಹೊಲದಲ್ಲಿ ಎಷ್ಟು ಬೋರ್ ಬತ್ತಿವೆ, ಎಷ್ಟು ಸಾಲ ಉಳಿದಿದೆ ಎಂಬ ಲೆಕ್ಕ ಎಲ್ಲರ ಮುಂದೆ ಬಂದಾಗಲೇ ಮುಂದಿನ ಬೋರ್ ಕೊರೆಸಬೇಕೇ ಎಂಬ ಮಾತು ಊರಿನ ಮಾತಾಗುತ್ತದೆ.

ನಮಸ್ಕಾರ.