ಊರಿಗೆ ಫ್ಯಾಕ್ಟರಿ ಬಂದ್ರೆ ಯಾರಿಗೆ ಲಾಭ, ಯಾರಿಗೆ ಲಾಸು? ಲೆಕ್ಕ ಹಾಕೋದು ಹೀಗೆ

ನಮಸ್ಕಾರ ಎಲ್ಲರಿಗೂ. ನಮ್ಮ ಕಡೆ ಯಾವ್ದಾದ್ರೂ ಕಂಪನಿ ಬರತ್ತೆ ಅಂದ ಕೂಡ್ಲೇ ಎಷ್ಟು ಕೋಟಿ ಹಾಕ್ತಾರೆ, ಎಷ್ಟು ಜನಕ್ಕೆ ಕೆಲ್ಸ ಸಿಗತ್ತೆ, ಈ ಎರಡೇ ಸುದ್ದಿ. ದುಡ್ಡಿನ ಜೊತೆ ಜನ, ಪರಿಸರ ಎರಡರ ಲೆಕ್ಕನೂ ಇಡ್ಬೇಕು ಅಂತ 1994ರಲ್ಲೇ ಬ್ರಿಟಿಷ್ ಲೇಖಕ ಜಾನ್ ಎಲ್ಕಿಂಗ್ಟನ್ ‘ಟ್ರಿಪಲ್ ಬಾಟಮ್ ಲೈನ್’ ಅನ್ನೋ ಹೆಸ್ರು ಕೊಟ್ರು. ಆದ್ರೆ ಅಳೆಯೋದು ಹೇಗೆ?

[ಸ್ಕ್ರೀನ್: ಬಂದರು, ಬೋಟಿಂದ ಮೀನು ಇಳಿಸ್ತಿರೋದು]

ಅಂಕೋಲಾ ಕಡೆ ಒಂದು ಫಿಶ್ ಮೀಲ್, ಅಂದ್ರೆ ಮೀನು ಒಣಗಿಸಿ ಪುಡಿ ಮಾಡೋ ಫ್ಯಾಕ್ಟರಿ ಬರತ್ತೆ ಅಂತ ಸುಮ್ನೆ ಊಹೆ ಮಾಡ್ಕೊಳ್ಳಿ. ಒಂದು ಕೆಜಿ ಪುಡಿಗೆ ಸುಮಾರು 4ರಿಂದ 5 ಕೆಜಿ ಹಸಿ ಮೀನು ಬೇಕು. ಬೋಟಿನವ್ರಿಗೆ ಒಳ್ಳೇದೇ, ಮಾರ್ಕೆಟ್ಟಲ್ಲಿ ಯಾರೂ ಕೇಳದ ಸಣ್ಣ ಮೀನೂ ತೂಕಕ್ಕೆ ಹೋಗತ್ತೆ. ಆದ್ರೆ ಬೆಳಿಗ್ಗೆ ಹರಾಜಲ್ಲಿ ತಾರ್ಲೆ, ಬಂಗಡೆ ತಗೊಂಡು ಬುಟ್ಟಿ ಹೊತ್ತು ಮಾರೋ ಹೆಂಗಸರು ಇದಾರಲ್ಲ, ಅವ್ರು ಫ್ಯಾಕ್ಟರಿ ರೇಟಿಗೆ ಪೈಪೋಟಿ ಕೊಡೋಕಾಗತ್ತಾ, ಆಗ್ಲಿಲ್ಲ ಅಂದ್ರೆ ಅವ್ರ ಮನೆ ಖರ್ಚು, ಮಕ್ಕಳ ಫೀಸು ಎಲ್ಲಿಂದ ಬರ್ಬೇಕು, ಇದೂ ಆ ಫ್ಯಾಕ್ಟರಿ ಲೆಕ್ಕನೇ. ಪರಿಸರ ಅಂದ್ರೆ ಬರೀ ವಾಸನೆ, ಕೊಳಚೆ ನೀರು ಅಷ್ಟೇ ಅಲ್ಲ, ಮೊಟ್ಟೆ ಇಡೋ ಮೊದ್ಲೇ ಎಷ್ಟು ತಾರ್ಲೆ ಬಲೆಗೆ ಬಿತ್ತು ಅನ್ನೋದನ್ನ ಬಂದರಲ್ಲಿ ಮೀನಿನ ಉದ್ದ ಅಳೆದು ವರ್ಷ ವರ್ಷ ಬರೆದಿಡ್ಬೇಕು.

ಇದನ್ನೆಲ್ಲ ಫ್ಯಾಕ್ಟರಿ ಶುರುವಾಗೋ ಮೊದ್ಲೇ ಒಂದ್ಸಲ ಅಳೀಬೇಕು, ಇದಕ್ಕೆ ಬೇಸ್‌ಲೈನ್ ಅಂತಾರೆ. ಮೊದ್ಲು ಎಷ್ಟಿತ್ತು ಅಂತ ಗೊತ್ತಿಲ್ದೆ ಆಮೇಲೆ ‘ಬದಲಾಯ್ತು’ ಅಂತ ಏನ್ ಹೇಳಿದ್ರೂ ಯಾರೂ ನಂಬಲ್ಲ. ಇನ್ನೊಂದು, ಬೋಟಿನವ್ರ ಲಾಭದಿಂದ ಹೆಂಗಸರ ಲಾಸ್ ಕಳೆದು ‘ಒಟ್ಟು ಪ್ಲಸ್’ ಅಂತ ತೋರಿಸೋದು ನನ್ ಪ್ರಕಾರ ಅನ್ಯಾಯ, ಯಾಕಂದ್ರೆ ಬೋಟಿನವ್ರಿಗೆ ಸಿಕ್ಕ ದುಡ್ಡು ಇವ್ರ ಕೈಗೆ ಬರಲ್ಲ. ಯಾರಿಗೆ ಬಂತು, ಯಾರಿಂದ ಹೋಯ್ತು ಅಂತ ಬೇರೆ ಬೇರೆ ಕಾಲಂ ಇರ್ಲೇಬೇಕು.

[ಸ್ಕ್ರೀನ್: ಶಿರಸಿ, ಅಡಿಕೆ ತೋಟ, ಬೆಟ್ಟ]

ಇಂಥ ಲೆಕ್ಕ ನಮ್ಮ ಉತ್ತರ ಕನ್ನಡ ಜಿಲ್ಲೇಲಿ ಹಿಂದೇನೇ ಆಗಿದೆ. ಬೇಡ್ತಿ ಹೊಳೆಯ ಜಲವಿದ್ಯುತ್ ಯೋಜನೆ ಟೈಮಲ್ಲಿ, 1981ರಲ್ಲಿ, ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ಶಿರಸಿಯ ತೋಟಗಾರ್ಸ್ ಸೊಸೈಟಿ ವಿಜ್ಞಾನಿಗಳನ್ನೂ ಬೆಳೆಗಾರರನ್ನೂ ಸೇರಿಸಿ ವಿಚಾರ ಸಂಕಿರಣ ಮಾಡ್ತು. ಅದು ಸರ್ಕಾರದ ಯೋಜನೆ, ಕಂಪನಿದಲ್ಲ, ಆದ್ರೂ ಲೆಕ್ಕದ ದಾರಿ ಒಂದೇ. ಇಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ, ಅಂದ್ರೆ ಗೊಬ್ಬರಕ್ಕೆ ಸೊಪ್ಪು ತರೋ ಕಾಡು, ಇರತ್ತೆ, ಬೆಟ್ಟ ಮುಳುಗಿ ತೋಟ ಉಳಿದ್ರೂ ಸೊಪ್ಪು ಗೊಬ್ಬರ ಎಲ್ಲಿಂದ? ಬರೀ ಮುಳುಗೋ ತೋಟದ ಎಕರೆ ಎಣಿಸಿದ್ರೆ ಇದು ಕಾಣಲ್ಲ. ಆ ಯೋಜನೆ ಆಗ ನಿಂತೋಯ್ತು.

ಕಾನೂನು ಏನ್ ಹೇಳತ್ತೆ? ಷೇರು ಪೇಟೆ ನೋಡ್ಕೊಳ್ಳೋ ಸೆಬಿ ನಿಯಮದ ಪ್ರಕಾರ 2022-23ರಿಂದ ಟಾಪ್ 1000 ಲಿಸ್ಟೆಡ್ ಕಂಪನಿಗಳು ಬಿಆರ್‌ಎಸ್‌ಆರ್, ಅಂದ್ರೆ ಜನ, ಪರಿಸರದ ವಿಷ್ಯದಲ್ಲಿ ತಾವು ಹೇಗಿದೀವಿ ಅನ್ನೋ ರಿಪೋರ್ಟ್ ಕೊಡ್ಲೇಬೇಕು. ಸಿಎಸ್‌ಆರ್, ಅಂದ್ರೆ ಕಂಪನಿ ಸಮಾಜದ ಕೆಲ್ಸಕ್ಕೆ ಖರ್ಚು ಮಾಡ್ಬೇಕಾದ ದುಡ್ಡು, ಅದರ ಬಾಧ್ಯತೆ ಸರಾಸರಿ 10 ಕೋಟಿ ಅಥವಾ ಜಾಸ್ತಿ ಇರೋ ಕಂಪನಿ ತನ್ನ 1 ಕೋಟಿ ಮೇಲಿನ ಸಿಎಸ್‌ಆರ್ ಪ್ರಾಜೆಕ್ಟ್‌ಗಳ ಪರಿಣಾಮನ ಹೊರಗಿನವ್ರಿಂದ ಅಳೆಸ್ಬೇಕು. ಆದ್ರೆ ಅದು ಶಾಲೆ ಕಟ್ಟಿಸಿದ್ದಕ್ಕೆ, ಆಸ್ಪತ್ರೆಗೆ ದುಡ್ಡು ಕೊಟ್ಟಿದ್ದಕ್ಕೆ. ಕಂಪನಿಯ ದಿನದ ವ್ಯಾಪಾರಕ್ಕಲ್ಲ.

ಹಾಗಾಗಿ ನಿಮ್ಮೂರಲ್ಲಿ ಯಾವ್ದಾದ್ರೂ ಯೋಜನೆಗೆ ಪರಿಸರ ಅಹವಾಲು ಸಭೆ ಕರೆದ್ರೆ, ಅದಕ್ಕೆ ಕನಿಷ್ಠ 30 ದಿನ ಮೊದ್ಲು ನೋಟಿಸ್ ಬರತ್ತೆ, ಆ ಯೋಜನೆಯಿಂದ ಪರಿಸರಕ್ಕೆ ಏನಾಗತ್ತೆ ಅನ್ನೋ ರಿಪೋರ್ಟಿನ ಸಾರಾಂಶ ಕನ್ನಡದಲ್ಲೂ ಇರ್ಬೇಕು, ತರಿಸಿ ಓದಿ. ಬೇಸ್‌ಲೈನ್ ಯಾವ ತಿಂಗಳಲ್ಲಿ ತಗೊಂಡಿದಾರೆ ನೋಡಿ. ಸುಮಾರು ರಿಪೋರ್ಟಲ್ಲಿ ಮಳೆಗಾಲ ಬಿಟ್ಟು ಒಂದೇ ಸೀಸನ್ನಿನ ಡೇಟಾ ಇರತ್ತೆ, ನಮ್ಮ ಕರಾವಳೀಲಿ ಮಳೆಗಾಲದ ಹೊಳೆನೇ ಬೇರೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟೂ ಇಳಿಯಲ್ಲ. ಆ ತಿಂಗಳ ಲೆಕ್ಕ ಎಲ್ಲಿ ಅಂತ ಸಭೇಲಿ ಎದ್ದು ಕೇಳಿ, ಕೇಳಿದ್ದನ್ನ ನಡಾವಳಿಯಲ್ಲಿ ಬರೆಸಿ.