ಕೊಪ್ಪಳ ಗವಿಮಠದ ಜಾತ್ರಿ: ಲಕ್ಷಗಟ್ಟಲೆ ರೊಟ್ಟಿ ಬರೋದು ಎಲ್ಲಿಂದ?

[ದೃಶ್ಯ: ಹಳ್ಳಿ ದಾರಿ. ಮುಂದ ಡೊಳ್ಳು, ಹಿಂದ ಟ್ರ್ಯಾಕ್ಟರ್]

ನಮಸ್ಕಾರ್ರಿ ಎಲ್ಲಾರಿಗೂ. ಈ ಟ್ರ್ಯಾಕ್ಟರ್ ತುಂಬ ಏನೈತಿ ಗೊತ್ತೇನ್ರಿ? ಖಡಕ್ ಜೋಳದ ರೊಟ್ಟಿ. ಒಂದೂರಾಗ ಮನಿಮನಿಯಿಂದ ಕೂಡಿಸಿದ್ದು, ಈಗ ಡೊಳ್ಳು ಬಾರಿಸ್ಕೋತ ಕೊಪ್ಪಳದ ಗವಿಮಠಕ್ಕ ಹೊಂಟೈತಿ.

ಪುಷ್ಯ ಬಹುಳ ಬಿದಿಗಿ, ಅಂದ್ರ ಹೆಚ್ಚಾಗಿ ಜನವರಿ ಒಳಗ, ಗವಿಸಿದ್ಧೇಶ್ವರ ಅಜ್ಜಾರ ತೇರು. ತೇರು ನೋಡಾಕ ಲಕ್ಷಗಟ್ಟಲೆ ಜನ ಬರ್ತಾರ, ಟಿವಿಯವ್ರೂ ಅದನ್ನ ತೋರಸ್ತಾರ, ಆದ್ರ ನನಗ ಈ ಜಾತ್ರಿ ಅಂದ್ರ ಮೊದಲು ನೆನಪಾಗೋದು ಮಹಾದಾಸೋಹ, ಅಂದ್ರ ಬಂದವ್ರಿಗೆಲ್ಲಾ ಉಣಬಡಿಸೋದು.

[ದೃಶ್ಯ: ಗುಡ್ಡ, ಬಂಡೆಗಲ್ಲಿನ ಮ್ಯಾಲಿನ ಶಾಸನ]

ಊರೂ ಸಣ್ಣದಲ್ರಿ ಇತಿಹಾಸದಾಗ. ಮಠದ ಗುಡ್ಡದ ಮ್ಯಾಲೆ ಅಶೋಕನ ಶಾಸನ ಐತಿ, 1931ರಾಗ ಬೆಳಕಿಗೆ ಬಂತು. 9ನೇ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡ (ಅಚ್ಚಗನ್ನಡ) ನಾಡಿನ ಊರುಗಳನ್ನ ಹೇಳೋ ಮುಂದ ‘ಮಹಾಕೋಪಣನಗರ’ ಅಂತ ಇದ ಊರಿನ ಹೆಸರು ತಗೊಂಡೈತಿ, ಆಗ ಇದು ಜೈನರ ದೊಡ್ಡ ತೀರ್ಥ. ದಾಸೋಹ ಅನ್ನೋದು 12ನೇ ಶತಮಾನದ ಶರಣರಿಂದ ಬಂದ ಮಾತು, ದುಡಿದದ್ರಾಗ ಒಂದು ಪಾಲು ಹಂಚಿ ಉಣ್ಣೋದು. ಅದು ಇಲ್ಲಿ ಇವತ್ತಿಗೂ ಹೆಂಗ ನಡೀತೈತಿ ಅಂತ ತಿಳಿಬೇಕಂದ್ರ ರೊಟ್ಟಿ ಹತ್ರಾನ ಹೋಗ್ಬೇಕು.

[ದೃಶ್ಯ: ಅಡಗಿಮನಿ, ಒಲಿ, ಹಂಚು]

ಜೋಳದ ಹಿಟ್ಟಿಗೆ ಗೋದಿ ಹಂಗ ಜಿಗಿ ಇರಂಗಿಲ್ರಿ, ಅದಕ್ಕ ಕುದಿಯೋ ಎಸರು ಹಾಕಿ ಚಲೋತ್ನಂಗ ನಾದ್ಬೇಕು. ಆಮ್ಯಾಲೆ ಒಂದ ಕೈಲೆ ತಿರುವ್ಕೋತ ಇನ್ನೊಂದ ಕೈಲೆ ಬಡೀತಾರ, ನೋಡ್ರಿ, ಕೈ ಎಲ್ಲೂ ನಿಲ್ಲಂಗಿಲ್ಲ. ಹಂಚಿಗೆ ಹಾಕಿ ಮ್ಯಾಲೆ ಒದ್ದಿ ಅರಿವಿ ಸವರ್ತಾರ, ಹೊಳ್ಳಿಸಿ ಬೇಯಿಸ್ತಾರ, ಕಡೀಕ ಒಲಿ ಬಾಜು ಆನಿಸಿ ಇಡ್ತಾರ. ಆ ಕಾವಿಗೆ ಒಳಗಿನ ಪಸಿ ಎಲ್ಲಾ ಆರಿ ರೊಟ್ಟಿ ಹಪ್ಪಳದಂಗ ಆಗ್ತೈತಿ. ಪಸಿ ಇಲ್ಲಂದ್ರ ಬೂಸ್ಟು ಹಿಡಿಯಂಗಿಲ್ಲ, ವಾರಗಟ್ಟಲೆ ಇಟ್ರೂ ಕೆಡಂಗಿಲ್ಲ. ಹಿಂಗಾಗಿನ ಜಾತ್ರಿಗೆ ಮೊದ್ಲ ನೂರಾರು ಹಳ್ಳ್ಯಾಗ ರೊಟ್ಟಿ ಬಡದು ಕೂಡಿಡಾಕ ಸಾಧ್ಯ ಆಗ್ತೈತಿ, ಇದನ್ನ ಅನ್ನದಾಗ ಮಾಡಾಕ ಬರಂಗಿಲ್ಲ ನೋಡ್ರಿ.

ರೊಟ್ಟಿ ಜೊತಿಗೆ ಜೋಳ, ಅಕ್ಕಿ, ಬ್ಯಾಳಿ, ಬೆಲ್ಲ, ಕಾಯಿಪಲ್ಲೆ, ಉರವಲ ಕಟಗಿ, ಯಾರ ಕೈಲೆ ಏನಾಗ್ತೈತೋ ಅದು. ಏನೂ ಇಲ್ಲದವ್ರು ಬಂದು ಕಾಯಿಪಲ್ಲೆ ಹೆಚ್ಚತಾರ, ಬಡಸ್ತಾರ, ನನಗ ಅದೂ ಅಷ್ಟ ದೊಡ್ಡ ಕಾಣಿಕಿ.

[ದೃಶ್ಯ: ಊಟದ ಸಾಲು]

ತಾಟಿನ್ಯಾಗ ರೊಟ್ಟಿ, ಪಲ್ಯ, ಚಟ್ನಿ, ಮಾದಲಿ, ಅನ್ನ ಸಾರು. ಈಚಿನ ವರ್ಷದಾಗ ಒಂದಿನ ಮಿರ್ಚಿ ಭಜಿನೂ ಐತಿ, ಅದೂ ಲಕ್ಷದ ಲೆಕ್ಕದಾಗ, ಸಾಲಾಗಿ ಒಲಿ ಹೂಡಿ ಬೆಳತನ ಕರೀತಾರ. ತೇರು ಮುಗಿದ್ರೂ ಊಟ ಮುಗಿಯಂಗಿಲ್ಲ, ಅಮಾವಾಸಿ ತನಕ ನಡೀತೈತಿ. ಜಾತಿ ಕೇಳಂಗಿಲ್ಲ, ಊರು ಕೇಳಂಗಿಲ್ಲ.

ಹುಬ್ಬಳ್ಳಿ–ಗುಂತಕಲ್ ಲೈನಿನ್ಯಾಗ ಕೊಪ್ಪಳ ಸ್ಟೇಷನ್ ಐತಿ, ಬರ್ರಿ ಒಮ್ಮೆ. ಸಾಲಿನ್ಯಾಗ ಕುಂತಾಗ ರೊಟ್ಟಿ ಮುರಿಯೋಕಿಂತ ಮೊದ್ಲು ಬೆಳಕಿಗೆ ಹಿಡದು ನೋಡ್ರಿ, ಯಾವ್ದೋ ಹಳ್ಳಿ ಅವ್ವನ ಬೆರಳಿನ ಗುರುತು ಅಂಚಿನ ಸುತ್ತ ಹಂಗ ಕುಂತಿರ್ತಾವ.